ಮುಂದಕ್ಕೆ ಹಾರಿದ ಬಾವುಟ

ಭಾನುವಾರ, ಸಂಜೆ

ಪ್ರೀತಿಯ ಅತ್ತೆಗೆ,

ಮೊದಲು ಸುದ್ದಿ, ಆಮೇಲೆ ಕುಶಲ. ಗೆದ್ದೆವು. ಮೊದಲ ಬಹುಮಾನ. ನಿಮ್ಮ ಮೂರು ಕಂಬದ ಹಡಗು ಇನ್ನು ಮೇಲೆ ಬಂದರಿನ ವಸ್ತುಸಂಗ್ರಹಾಲಯದಲ್ಲಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧಕ್ಕೆ ನೀವು ಕಾಯುವುದಿಲ್ಲ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿರುವ ನಿಮಗೆ ಇದನ್ನು ನಾದಿನಿ ಓದಿ ಹೇಳುತ್ತಿರುತ್ತಾಳೆ. ಅವಳಿಗೊಂದು ವಿನಂತಿ: ಇಷ್ಟವಾಗದ ಸಾಲುಗಳನ್ನು ನುಂಗಿಕೊಳ್ಳಬೇಡ, ನಿನ್ನ ಅಮ್ಮನಿಗೆ ಗೊತ್ತಾಗುತ್ತದೆ. ಕೊನೆಯ ಹಾಳೆಯನ್ನು ಮಡಿಸಿ, ಹಡಗಿನ ಹಗ್ಗಕ್ಕೆ ಬಳಸಿದ ಮೇಣದ ನೂಲಿನಿಂದ ಕಟ್ಟಿದ್ದೇನೆ. ಅದನ್ನು ಪಟ್ಟಿ ಬಿಚ್ಚಿದ ಮೇಲೆ ನೀವೇ ಓದಬೇಕು, ಅತ್ತೆ. ಗಂಟು ನೀವು ಕಲಿಸಿದ್ದೇ. ಬೇರೆ ಯಾರು ಬಿಚ್ಚಿ ಕಟ್ಟಿದರೂ ನಿಮ್ಮ ಬೆರಳಿಗೆ ತಿಳಿದುಬಿಡುತ್ತದೆ.

ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ನೀವು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಕಂಬ ನೆಟ್ಟಗೆ ನಿಂತು ಹಡಗು ಪ್ರದರ್ಶನಕ್ಕೆ ಹೋದ್ರೆ ನಾನು ವಾಪಸ್ ನನ್ನ ಬೆಂಚಿಗೆ. ಇಲ್ಲಾಂದ್ರೆ ಉಪಕರಣ ಕೆಳಗಿಟ್ಟು ಇವಳ ಮನೆ ಸೋಫಾದಲ್ಲಿ ಕೂತ್ಬಿಡ್ತೀನಿ.” “ಸೋಫಾಕ್ಕೆ ಏನಾಗಿದೆ ಅಮ್ಮ, ಹೊಸದು,” ಎಂದಳು ನಾದಿನಿ. “ಅದೇ ತೊಂದ್ರೆ. ಕೂತ್ರೆ ಏಳಕ್ಕೇ ಬಿಡಲ್ಲ,” ಎಂದಿರಿ ನೀವು.

ನಿಮ್ಮ ಬಸ್ಸು ಹೊರಟ ವಾರದಲ್ಲೇ ಅವಳ ಫೋನು ಬಂತು. ಮೊದಲೆಲ್ಲ ಅತ್ತಿಗೆ, ಅತ್ತಿಗೆ ಎಂದು ಮನೆ ತುಂಬ ಓಡಾಡುತ್ತಿದ್ದವಳು, ನಿಮ್ಮ ಮಗನೂ ನಾನೂ ಬೇರೆಯಾದ ಮೇಲೆ ನನ್ನನ್ನು “ಇವರೇ” ಎನ್ನತೊಡಗಿದ್ದು ನಿಮಗೆ ಗೊತ್ತಿದೆ. “ಇವರೇ, ಆ ಹಡಗು ಇಲ್ಲಿಗೆ ಕಳಿಸ್ಬಿಡಿ. ಅಮ್ಮ ಇನ್ನು ಇಲ್ಲೇ ಇರ್ತಾಳೆ. ನಿಮಗೂ ಅವಳಿಗೂ ಈಗ ಏನು ಸಂಬಂಧ, ಹೇಳಿ?” ಓದುತ್ತಿರುವವಳು ಇಲ್ಲಿ ಕೆಮ್ಮಬಹುದು. ಕೆಮ್ಮಲಿ. ಅವಳು ಕೇಳಿದ್ದು ತಪ್ಪಲ್ಲ. ಮಗ ಸಾಮಾನು ಕಟ್ಟಿದ ದಿನ ನೀವು ಬೆಂಚಿನಿಂದ ತಲೆ ಎತ್ತದೆ, “ಅವನು ಹೋದ್ರೆ ಹೋಗ್ಲಿ, ನನ್ನ ಬೆಂಚು ಯಾಕೆ ಹೋಗ್ಬೇಕು?” ಎಂದಿದ್ದಿರಿ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಈ ಮನೆ ನಡೆದಿದೆ. ಅದನ್ನು ಫೋನಿನಲ್ಲಿ ವಿವರಿಸುವುದು ಹೇಗೆ?

ಹಾಗಾಗಿ ಹಗ್ಗ ಕಟ್ಟಲು ಕೂತೆ.

ಮೊದಲ ಸಲ ಕೆಟ್ಟಿತು. ಅದನ್ನೂ ಹೇಳಿಬಿಡುತ್ತೇನೆ. ನಡುಗಂಬದ ಬಲಗಡೆಯ ಹಗ್ಗಗಳನ್ನೆಲ್ಲ ಒಂದೇ ಉಸಿರಿಗೆ ಬಿಗಿದು, ಎಷ್ಟು ಚೆಂದ ಬಂದಿದೆ ಎಂದು ದೂರ ನಿಂತು ನೋಡಿದರೆ ಕಂಬ ಬಲಕ್ಕೆ ವಾಲಿತ್ತು. ಗುಟ್ಟು ಹೇಳಲು ಪಕ್ಕದವರ ಕಿವಿಗೆ ಬಗ್ಗಿದ ಹಾಗೆ. ಎಡಗಡೆ ಎಳೆದೆ. ಬುಡದಲ್ಲಿ ಕಿರ್ ಎಂದಿತು. ನನ್ನ ಎದೆಯೂ ಎಂದಿತು. ಎಲ್ಲವನ್ನೂ ಕತ್ತರಿಸಿ ಹಾಕಿದೆ, ಅತ್ತೆ. ಪ್ರೆಸ್ಸಿನಲ್ಲಿ ದಿನವೂ ಇನ್ನೊಬ್ಬರ ಕರಡು ತಿದ್ದುವವಳಿಗೆ ತನ್ನದೇ ಕೆಲಸದ ಮೇಲೆ ಕತ್ತರಿ ಆಡಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ನೀವು ಹಲ್ಲಿನ ಸೆಟ್ ಕಟ್ಟುವ ಕೆಲಸಕ್ಕೆ ಬಳಸುತ್ತಿದ್ದ ಸಣ್ಣ ಕೊಕ್ಕೆಯಿಂದ ನೂಲು ತೂರಿಸುತ್ತ, ಪ್ರತಿ ಗಂಟಿಗೂ ತೂಗುಗುಂಡು ಇಳಿಬಿಟ್ಟು ನೋಡುತ್ತ. ಬಾಯಲ್ಲಿ ಹಳೆಯ ಪದ್ಯದ ಸಾಲುಗಳು ತಾವಾಗಿ ಬರುತ್ತಿದ್ದವು. ಲಯ ತಪ್ಪಿದರೆ ಕೈಯೂ ತಪ್ಪುತ್ತಿತ್ತು.

ಕಂಬಗಳು ನಿಂತವು. ಗೋಡೆ ನಾಚಬೇಕು, ಅಷ್ಟು ನೆಟ್ಟಗೆ.

ಹಾಯಿಗಳಿಗೆ ನೀರುಗೋಂದು ಹಚ್ಚಿ, ಕೂದಲು ಒಣಗಿಸುವ ಯಂತ್ರವನ್ನು ಹಡಗಿನ ಹಿಂದೆ ಹಿಡಿದೆ. ಹೊಟ್ಟೆ ತುಂಬ ಉಂಡವರ ಹಾಗೆ ಮುಂದಕ್ಕೆ ಉಬ್ಬಿ ಗಟ್ಟಿಯಾದವು. ಉಳಿದದ್ದು ನಡುಗಂಬದ ತುದಿಯ ಬಾವುಟ. ಅದನ್ನು ನೀವು ನನ್ನ ಕೈಗೆ ಬಿಟ್ಟಿರಲಿಲ್ಲ, “ಅದು ನಾನು ಬಂದ್ಮೇಲೆ” ಎಂದಿದ್ದಿರಿ. ಆದರೆ ಆಸ್ಪತ್ರೆಯವರು ನಿಮ್ಮ ದಿನ ಮುಂದೆ ಹಾಕಿದರು, ಪ್ರದರ್ಶನದವರು ಹಾಕಲಿಲ್ಲ. ನಾನೇ ಅಂಟಿಸಿದೆ. ಕ್ಷಮೆ ಕೇಳುವುದಿಲ್ಲ, ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ನಿನ್ನೆ ಬೆಳಿಗ್ಗೆ ಟ್ಯಾಕ್ಸಿ ಬಾಗಿಲಿಗೆ ಬಂದ ಮೇಲೆ ಹೊಳೆಯಿತು: ಹಡಗನ್ನು ತೊಡೆಯ ಮೇಲೆ ಹಿಡಿದು ಕೂರಲು ಒಬ್ಬರು ಬೇಕು, ಕಂಬಗಳ ಪಕ್ಕ ಕೈ ಅಡ್ಡ ಹಿಡಿಯಲು ಇನ್ನೊಬ್ಬರು. ಪುಣ್ಯಕ್ಕೆ ಅದೇ ಹೊತ್ತಿಗೆ ಪರಿಚಯದ ಒಬ್ಬಾಕೆ ಬೇರೆ ಯಾವುದೋ ಕೆಲಸಕ್ಕೆ ಮನೆಗೆ ಬಂದಳು. ಮಾತಿಗೆ ಅವಕಾಶ ಕೊಡದೆ ಅವಳನ್ನು ಒಳಗೆ ಕೂರಿಸಿ ಹಡಗನ್ನು ತೊಡೆಯ ಮೇಲಿಟ್ಟೆ. ದಾರಿಯುದ್ದಕ್ಕೂ ಅವಳು ಹಡಗಿಗಿಂತ ಚಾಲಕನನ್ನು ಬಿಗಿಯಾಗಿ ಹಿಡಿದಳು. “ನಿಧಾನ ಕಣಪ್ಪ. ಹಂಪ್ ಇದೆ, ಕಾಣಲ್ವಾ? ಒಳಗೆ ಹಡಗಿದೆ, ಆಲೂಗಡ್ಡೆ ಮೂಟೆ ಅಲ್ಲ.” “ಮೇಡಂ, ಇನ್ನೂ ನಿಧಾನ ಅಂದ್ರೆ ಇಳಿದು ತಳ್ಳಬೇಕಾಗುತ್ತೆ,” ಎಂದ ಅವನು. “ತಳ್ಳು,” ಎಂದಳು ಇವಳು.

ಪ್ರದರ್ಶನದ ಹಾಲಿನಲ್ಲಿ ಮೇಜಿನ ಮೇಲೆ ಹಡಗು ಇಟ್ಟು ಉಸಿರು ಬಿಡುವಷ್ಟರಲ್ಲಿ ಮಾದರಿ ಹಡಗು ಕಟ್ಟುವವರ ಸಂಘದ ಕಾರ್ಯದರ್ಶಿ ಬಂದರು. ಬೆರಳ ತುದಿಗೆ ಸದಾ ಒಣಗಿದ ಅಂಟು ಇರುತ್ತದೆಂದು ನೀವು ಗೋಂದು ಮಾಮ ಎಂದು ಹೆಸರಿಟ್ಟವರೇ. ಕಂಬ ನೋಡಿದರು, ಹಗ್ಗ ನೋಡಿದರು, ತಲೆಯಾಡಿಸಿದರು. ಬಾವುಟ ನೋಡಿ ಹುಬ್ಬೇರಿಸಿದರು. “ಮೇಡಂ, ಇದು ಉಲ್ಟಾ ಆಗಿದೆ. ತೀರ್ಪುಗಾರರು ಬರೋದ್ರೊಳಗೆ ತಿರುಗಿಸ್ಬಿಡೋಣ. ಇಡೀ ಹಾಲಲ್ಲಿ ನಿಮ್ಮದೊಂದೇ ಹೀಗಿರೋದು.”

ಸುತ್ತ ನೋಡಿದೆ. ನಿಜ. ಅಷ್ಟೂ ಹಡಗುಗಳ ಬಾವುಟ ಹಿಂದಕ್ಕೆ ಹಾರುತ್ತಿತ್ತು. ನನ್ನದೊಂದು ಮಾತ್ರ ಮುಂದಕ್ಕೆ. ಒಂದು ಗಳಿಗೆ ಅವರ ಮಾತಿಗೆ ಹೂಂ ಅನ್ನುವವಳಿದ್ದೆ. ಆಗ ನೀವು ಎಂದೋ ಬೆಂಚಿನಲ್ಲಿ ಗೊಣಗಿದ್ದು ನೆನಪಾಯಿತು. “ಸ್ಕೂಟರಿಗೆ ಕಟ್ಟಿದ ಬಾವುಟ ಹಿಂದಕ್ಕೆ ಹಾರುತ್ತೆ, ಅದನ್ನ ಓಡಿಸೋದು ಇಂಜಿನ್ನು. ಹಡಗನ್ನ ಓಡಿಸೋದು ಗಾಳೀನೇ. ಅದು ಹಿಂದಿನಿಂದ ಬಂದು ಹಾಯಿ ಉಬ್ಬಿಸಿದ್ರೆ ಬಾವುಟಾನೂ ಮುಂದಕ್ಕೇ ಹೋಗ್ಬೇಕು. ಹಾಯಿಗೊಂದು ಗಾಳಿ, ಬಾವುಟಕ್ಕೊಂದು ಗಾಳಿ ಬೀಸಲ್ಲ.”

ಅದನ್ನೇ ಹೇಳಿದೆ, ತೊದಲುತ್ತ. ನಮ್ಮ ಅತ್ತೆ ಹೇಳಿದ್ದು ಎಂದೂ ಸೇರಿಸಿದೆ. ಗೋಂದು ಮಾಮ ನಕ್ಕರು. “ನಿಮ್ಮತ್ತೆ ಹಲ್ಲು ಕಟ್ತಿದ್ದವರಲ್ವಾ?” ಎಂದು ಜೇಬಿನಿಂದ ಚಿಮಟ ತೆಗೆದು ಬಾವುಟದ ಕಡೆ ಚಾಚಿದರು.

“ಕೈ ತೆಗೀರಿ.”

ನಾನಲ್ಲ, ಟ್ಯಾಕ್ಸಿಯಲ್ಲಿ ಹಡಗು ಹಿಡಿದುಕೊಂಡು ಬಂದವಳು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತಿತ್ತು ಆ ದನಿ. ಅವಳು ಇನ್ನೂ ಏನೋ ಹೇಳಿದಳು, ಅದು ಇಲ್ಲಿ ಬೇಡ. ಚಿಮಟ ಜೇಬಿಗೆ ವಾಪಸ್ ಹೋಯಿತು.

ತೀರ್ಪುಗಾರರು ಬಂದರು. ಸಮುದ್ರದಲ್ಲೇ ಕೂದಲು ಹಣ್ಣಾದ ನಿವೃತ್ತ ಕಪ್ತಾನರು, ಉದ್ದನೆಯ ಮನುಷ್ಯ. ಪ್ರತಿ ಮೇಜಿನ ಮುಂದೆ ನಿಂತಾಗಲೂ ಅವರ ತುಟಿ ಸ್ವಲ್ಪ ಬಿಗಿಯಾಗುತ್ತಿತ್ತು. ನಮ್ಮ ಹಡಗಿನ ಮುಂದೆ ಬಗ್ಗಿದರು. ಕಂಬದ ಬುಡದಿಂದ ಹಗ್ಗ ಹಿಡಿದು ಮೇಲೇರಿದ ಅವರ ನೋಟ ತುದಿಯಲ್ಲಿ ನಿಂತಿತು. “ಗಾಳಿ ಎಲ್ಲಿಂದ?” ಎಂದು ಕೇಳಿದರು. “ಹಿಂದಿನಿಂದ. ಸ್ವಲ್ಪ ಎಡಕ್ಕೆ,” ಎಂದೆ. ಮುಖ ಅರಳಿತು. “ಅಂತೂ ಒಂದು ಹಡಗು ಹೊರಟಿದೆ. ಉಳಿದವೆಲ್ಲ ಗಾಳಿಗೇ ಅಪ್ಪಣೆ ಕೊಡ್ತಾ ನಿಂತಿವೆ. ಇದನ್ನ ಕಟ್ಟಿದವರು ಸಮುದ್ರಕ್ಕೆ ಹೋಗಿದ್ರಾ?” “ಇಲ್ಲ, ಅವರು ಹಲ್ಲಿನ ಸೆಟ್ ಕಟ್ಟುತ್ತಿದ್ದರು.” ಅವರು ಬಾಯಿ ಮುಚ್ಚಿಕೊಂಡರು. ನಾಲಿಗೆಯಿಂದ ತಮ್ಮ ಸೆಟ್ ಒಮ್ಮೆ ಮುಟ್ಟಿ ನೋಡಿಕೊಂಡಿದ್ದು ಕೆನ್ನೆಯ ಮೇಲೇ ಕಾಣಿಸಿತು.

ಊಟದ ಹೊತ್ತಿಗೆ ಹಾಲಿನ ತುಂಬ ಚಿಮಟಗಳು ಓಡಾಡಿದವು, ಅತ್ತೆ. ಊಟ ಮುಗಿಯುವುದರೊಳಗೆ ಅಷ್ಟೂ ಬಾವುಟಗಳು ಮುಂದಕ್ಕೆ ತಿರುಗಿದ್ದವು. ಗೋಂದು ಮಾಮನದೂ. ಆದರೆ ಬಹುಮಾನ ಆಗಲೇ ಬರೆದಾಗಿತ್ತು.

ಹಡಗಿನ ಕೆಳಗಿಡುವ ಚೀಟಿಯಲ್ಲಿ ಬರೆಯಲು, ತಯಾರಿಸಿದವರು ಯಾರೆಂದು ಕೇಳಿದರು. “ಅತ್ತೆ, ಸೊಸೆ” ಎಂದೆ. ಬರೆದುಕೊಳ್ಳುತ್ತಿದ್ದ ಹುಡುಗಿ ಮತ್ತೇನೂ ಕೇಳಲಿಲ್ಲ.

ಈಗ ನಿಮ್ಮ ಮಾತು ನೀವು ಉಳಿಸಿಕೊಳ್ಳಬೇಕು. ಪಟ್ಟಿ ಬಿಚ್ಚಿ, ವೈದ್ಯರು ಹೂಂ ಅಂದ ದಿನ ಬರುತ್ತೇನೆ, ಚೀಲ ತುಂಬಿಕೊಂಡಿರಿ. ಬೆಂಚಿನ ದೀಪ ಬದಲಾಯಿಸಿದ್ದೇನೆ, ಹೊಸ ಕಣ್ಣಿಗೆ ಹಳೇ ದೀಪ ಯಾಕೆ? ವಸ್ತುಸಂಗ್ರಹಾಲಯದವರು ಇನ್ನೊಂದು ಹಡಗು ಕಟ್ಟಿಕೊಡುತ್ತೀರಾ ಎಂದು ಕೇಳಿದ್ದಾರೆ, ನಾಲ್ಕು ಕಂಬದ್ದು. ನಿಮ್ಮನ್ನು ಕೇಳದೆ ಒಪ್ಪಿಕೊಂಡಿದ್ದೇನೆ.

ನಿಮ್ಮ ಬೆಂಚಿನ ಎದುರಿನ ಸ್ಟೂಲಿನಿಂದ,
ಸೊಸೆ

(ನೂಲು ಕಟ್ಟಿದ ಹಾಳೆ, ದೊಡ್ಡ ಅಕ್ಷರಗಳಲ್ಲಿ)

ಮರೆತದ್ದು: ಅಕ್ಷರ ಕಾಣುತ್ತಿದೆಯಾ, ಅತ್ತೆ? ಹಾಗಾದರೆ ತಲೆ ಎತ್ತಿ ಒಮ್ಮೆ ನಿಮ್ಮ ಮಗಳನ್ನು ನೋಡಿ. ಶನಿವಾರ, ಅವಳು ನಿಮಗೆ ಹೇಳಿ ಹೋದ ಹಾಗೆ, ಆಫೀಸಿನಲ್ಲಿ ಯಾವ ತರಬೇತಿಯೂ ಇರಲಿಲ್ಲ. ಹಡಗನ್ನು ಒಯ್ದುಬಿಡಬೇಕೆಂದು ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು. ಕಂಬಗಳು ಎದ್ದಿದ್ದು ಅವಳಿಗೆ ಗೊತ್ತಿರಲಿಲ್ಲ, ಪೆಟ್ಟಿಗೆ ಅರ್ಧ ಎತ್ತರಕ್ಕೂ ಸಾಲಲಿಲ್ಲ. ಅದನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹತ್ತಿದಳು. ನಿಮಗೆ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಹೇಳಿಲ್ಲ, ಬರೆದಿದ್ದೇನೆ.

ಗೋಂದು ಮಾಮನಿಗೆ ಅವಳು ಹೇಳಿದ್ದು ಪೂರ್ತಿ ಹೀಗೆ: “ಕೈ ತೆಗೀರಿ. ಅದು ನಮ್ಮಮ್ಮನ ಹಡಗು. ಮುಟ್ಟಬೇಕಾದ್ರೆ ನಮ್ಮ ಅತ್ತಿಗೇನ ಕೇಳಿ.”