ರೇಷ್ಮೆ ಚೂರಿನಿಂದ ಒರೆಸಿದ ಗಾಜು

ಅಕ್ಕೂರು
14 ಅಕ್ಟೋಬರ್ 2025

ಪ್ರೀತಿಯ ಸಾನಾ,

ನೀನು ಫೋನ್ ಎತ್ತುವುದಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಕಾಗದವಾದರೆ ಹರಿದು ಹಾಕುವ ಮುಂಚೆ ಒಂದು ಸಲ ಕಣ್ಣಾಡಿಸುತ್ತೀಯೆಂದು ನಂಬಿ ಬರೆಯುತ್ತಿದ್ದೇನೆ. ನನ್ನ ಕೋಳಿಕಾಲಕ್ಷರ ನೋಡಿ ನಗು ಬಂದರೆ ನಕ್ಕುಬಿಡು, ತಡೆಯಬೇಡ.

ಹೋದ ತಿಂಗಳು ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ನಿನ್ನ ಅಬ್ಬ ಸಿಕ್ಕಿದ್ದರು. ಬಣ್ಣ ಹಚ್ಚಿದ ಬುಗುರಿಗಳ ಚೀಲ ಹೊತ್ತು ಬೆಂಗಳೂರಿನ ರೈಲಿಗೆ ಕಾಯುತ್ತಿದ್ದರು. ನಾನಾಗಿ ಕೇಳದೆಯೇ, "ನಮ್ಮ ಹುಡ್ಗಿ ಕೈಲಿ ಆ ಲ್ಯಾಬ್ ಕೆಲ್ಸ ಆಗ್ಲಿಲ್ಲ ಕಣಮ್ಮ, ಬುಟ್ಬುಟ್ಳು. ಟ್ಯೂಷನ್ ಹೇಳ್ಕೊಡ್ತಾವ್ಳೆ" ಅಂದರು. ನಾನು ಚೀಲಕ್ಕೆ ಕೈ ಕೊಟ್ಟು ಅವರನ್ನು ರೈಲು ಹತ್ತಿಸಿದೆ, ಅಷ್ಟೇ. ಆದ್ದರಿಂದ ಈ ಕಾಗದವನ್ನು ಅವರಿಗೂ ಓದಿ ಹೇಳು. ನಿನಗೆ ಗೊತ್ತಿರುವುದನ್ನೇ ಅಬ್ಬನಿಗಾಗಿ ಬಿಡಿಸಿ ಬರೆಯುತ್ತೇನೆ, ಬೇಸರಿಸಿಕೊಳ್ಳಬೇಡ.

ಖಲಂದರ್ ಚಾಚಾ, ನೀವು ಚಕ್ರದ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಅಂಟುತ್ತದಲ್ಲ. ನಾವು ಲ್ಯಾಬಿನಲ್ಲಿ ಬಿಸಿ ಮಾಡುವ ಬಿಳಿ ಪುಡಿ ಅದಕ್ಕಿಂತ ವಿಚಿತ್ರದ್ದು. ಅದು ಎರಡು ಸಲ ಕರಗುತ್ತದೆ. ಐವತ್ತೆಂಟು ಡಿಗ್ರಿಗೆ ಹಾಲಿನಂತೆ ಮಬ್ಬಾದ ದ್ರವವಾಗುತ್ತದೆ. ಎಂಬತ್ತೊಂದಕ್ಕೆ ಆ ಮಬ್ಬು ಹೋಗಿ ನೀರಿನಷ್ಟು ತಿಳಿಯಾಗುತ್ತದೆ. ತಣಿಸಿದರೆ ಎಂಬತ್ತೊಂದಕ್ಕೆ ಮತ್ತೆ ಹಾಲು. ಆದರೆ ಐವತ್ತೆಂಟಕ್ಕೆ ಗಟ್ಟಿಯಾಗದೆ ನಲವತ್ತರವರೆಗೂ ಹಟ ಹಿಡಿದು ಕೂತಿರುತ್ತದೆ. ಆ ನಡುವಿನ ಸ್ಥಿತಿಯೇ ದ್ರವ ಸ್ಫಟಿಕ. ನೀರಿನಂತೆ ಹರಿಯುತ್ತದೆ, ಆದರೂ ಅದರ ಉದ್ದುದ್ದ ಕಣಗಳು ಅಕ್ಕಪಕ್ಕದವರನ್ನು ನೋಡಿಕೊಂಡು ಒಂದೇ ಕಡೆಗೆ ಮುಖ ಮಾಡಿ ನಿಲ್ಲುತ್ತವೆ. ಕ್ಯಾಲ್ಕುಲೇಟರಿನಲ್ಲಿ ಅಂಕಿ ಕಾಣುವುದು ಇಂಥದ್ದರಿಂದಲೇ.

ಇದನ್ನು ಎರಡು ಗಾಜಿನ ನಡುವೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು ನಮ್ಮ ಕೆಲಸ. ಸಾಮಾನ್ಯವಾಗಿ ಇಲ್ಲೊಂದು ಗುಂಪು ಒಂದು ಕಡೆ, ಅಲ್ಲೊಂದು ಗುಂಪು ಇನ್ನೊಂದು ಕಡೆ ತಿರುಗಿಕೊಂಡು, ನಡುವೆ ಕಪ್ಪು ಎಳೆಗಳು ಸಿಕ್ಕುಸಿಕ್ಕಾಗಿ ಕಾಣುತ್ತವೆ. ನನ್ನ ಗಾಜಿನಲ್ಲಿ ಮಾತ್ರ ಒಂದು ಎಳೆಯೂ ಇರಲಿಲ್ಲ. ಮೈಕ್ರೋಸ್ಕೋಪಿನಡಿ ಗಾಜಿಟ್ಟ ತಟ್ಟೆ ತಿರುಗಿಸಿದರೆ ಇಡೀ ನೋಟ ಒಟ್ಟಿಗೆ ಬೆಳಗಿ ಒಟ್ಟಿಗೆ ಕತ್ತಲಾಗುತ್ತಿತ್ತು. ಯಾರ ಸಹಾಯವೂ ಇಲ್ಲದೆ ತಾನಾಗಿಯೇ ಸಾಲು ಹಿಡಿಯುವ ವಸ್ತು ಸಿಕ್ಕಿತೆಂದು ಯೋಗಾನಂದ ಸರ್ ಲ್ಯಾಬಿಗೆಲ್ಲ ಜಿಲೇಬಿ ಹಂಚಿದರು. ನಾನು ನಾಲ್ಕು ತಿಂದೆ, ಅದರ ಮೇಲೊಂದು ಲೇಖನವನ್ನೂ ಬರೆದು ಕಳಿಸಿದೆ. ಆ ಸಾಲನ್ನು ಮತ್ತೆ ಮಾಡಿ ತೋರಿಸುವ ಕೆಲಸ, ಸಾನಾ, ನಿನ್ನ ಪಾಲಿಗೆ ಬಂತು. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಎಳೆಗಳೇ. ಜೂನ್ ಮೀಟಿಂಗಿನಲ್ಲಿ ಸರ್ ಎಲ್ಲರೆದುರು, "ಮೊದಲು ಗಾಜು ತೊಳೆಯೋದು ಕಲ್ತ್ಕೊಳಮ್ಮ" ಅಂದರು. ಮಾರನೇ ದಿನದಿಂದ ನೀನು ಬರಲಿಲ್ಲ.

ತಪ್ಪು ನನ್ನದು ಸಾನಾ. ಹೇಗೆಂದು ಹೇಳುತ್ತೇನೆ.

ನಮ್ಮ ಮನೆಯಲ್ಲೊಂದು ಪದ್ಧತಿ. ಪ್ರತಿ ಬೆಳೆಗೂ ರೇಷ್ಮೆಯ ಮರಿಹುಳು ಮನೆಗೆ ತರುವ ಮುಂಚೆ ಕೆಂಗಲ್ ಆಂಜನೇಯನ ಫೋಟೋದ ಗಾಜನ್ನು ಹಳೇ ರೇಷ್ಮೆ ಸೀರೆಯ ಚೂರಿನಿಂದ ಒರೆಸಬೇಕು. ಕಳೆದ ಭಾನುವಾರ ಆ ಕೆಲಸ ಹೊಸದಾಗಿ ಬಂದ ಅತ್ತಿಗೆ ಸುಮನಾ ಪಾಲಿಗೆ ಬಿತ್ತು. ಪಾಪ, ಅವಳು ತಟ್ಟೆ ಒರೆಸುವ ಹಾಗೆ ಸುತ್ತಲೂ ಉಜ್ಜುತ್ತಿದ್ದಳು. ಅವ್ವ ಒಳಗಿನಿಂದಲೇ ಕೂಗಿದಳು: "ಮೇಲಿಂದ ಕೆಳೀಕೆ ಒರ್ಸವ್ವ! ಹಿಂದಕ್ಕೆ ಉಜ್ಜಿದ್ರೆ ಬೆಳೆ ಹಿಂದಕ್ಕೋಯ್ತದೆ!"

ಸೊಪ್ಪು ಹೆಚ್ಚುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಲ್ಯಾಬಿನಲ್ಲಿ ಗಾಜು ತೊಳೆದು ಓವನ್ನಿನಲ್ಲಿ ಒಣಗಿಸಿದ ಮೇಲೆ ಮುಟ್ಟಬಾರದೆಂಬುದು ನಿಯಮ. ನೀನು ಮುಟ್ಟುತ್ತಿರಲಿಲ್ಲ. ನಾನು ಮಾತ್ರ ಕೊನೆಗೊಮ್ಮೆ ಮನೆಯಿಂದ ಒಯ್ದಿದ್ದ ಅವ್ವನ ರೇಷ್ಮೆ ಚೂರಿನಿಂದ ಒರೆಸುತ್ತಿದ್ದೆ, ಮೇಲಿಂದ ಕೆಳಕ್ಕೆ, ಎಂದೂ ಹಿಂದಕ್ಕಿಲ್ಲ. ಗಾಜನ್ನು ಒಂದೇ ದಿಕ್ಕಿಗೆ ಬಟ್ಟೆಯಿಂದ ಉಜ್ಜಿದರೆ ಕಣಗಳು ಆ ದಿಕ್ಕಿಗೇ ಸಾಲು ಹಿಡಿಯುತ್ತವೆಂದು ನಾವಿಬ್ಬರೂ ಮೊದಲ ವರ್ಷದಲ್ಲೇ ಓದಿದ್ದೇವಲ್ಲ! ಆದರೂ ನನಗೆ ಅದು ಉಜ್ಜುವುದು ಅಂತ ಅನಿಸಿರಲೇ ಇಲ್ಲ. ಮುಖ ತೊಳೆದದ್ದನ್ನು ಯಾರಾದರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆಯೇ? ಹಾಗೆ ನಾನೂ ಬರೆಯಲಿಲ್ಲ.

ಲ್ಯಾಬಿಗೆ ಹೋದವಳೇ ಎರಡು ಗಾಜು ತೆಗೆದುಕೊಂಡು ಪರೀಕ್ಷೆ ಮಾಡಿದೆ. ಒರೆಸಿದ ಗಾಜಿನಲ್ಲಿ ನನ್ನ ಸಾಲು. ಒರೆಸದೇ ಬಿಟ್ಟದ್ದರಲ್ಲಿ ನಿನ್ನ ಎಳೆಗಳು, ನೀನು ಬರೆದಿಟ್ಟ ಚಿತ್ರದಲ್ಲಿದ್ದ ಹಾಗೆಯೇ. ಕರಗುವ ಡಿಗ್ರಿ, ಐವತ್ತೆಂಟು ಮತ್ತು ಎಂಬತ್ತೊಂದು, ಎರಡು ಗಾಜಿನಲ್ಲೂ ಒಂದೇ. ಆ ವಸ್ತುವಿನ ಬಗ್ಗೆ ನಿಜ ಹೇಳಿದವಳು ನೀನೊಬ್ಬಳೇ.

ನಿನ್ನೆ ಸರ್‌ಗೆ ಎಲ್ಲವನ್ನೂ ಬರೆದು ಕೊಟ್ಟೆ. ಅಚ್ಚಾದ ನನ್ನ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ ಕೇಳಿದ್ದೇನೆ. ಅವರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಆಮೇಲೆ ನಿನ್ನ ಮನೆಯ ವಿಳಾಸ ಕೇಳಿದರು, ತಾವೇ ಬಂದು ಮಾತಾಡುತ್ತಾರಂತೆ. ನಿನ್ನ ಪಿಎಚ್‌ಡಿ ರಿಜಿಸ್ಟ್ರೇಷನ್ ರದ್ದಾಗಿಲ್ಲ, ಡಿಸೆಂಬರ್‌ವರೆಗೆ ಅವಕಾಶವಿದೆ. ಕಿಟಕಿ ಪಕ್ಕದ ನಿನ್ನ ಮೇಜಿನಲ್ಲಿ ಯಾರೂ ಕೂತಿಲ್ಲ. ವಾಪಸ್ ಬಾರೇ. ನನ್ನ ಮೇಲಿನ ಸಿಟ್ಟನ್ನೂ ಜೊತೆಗೇ ತಗೊಂಡು ಬಾ, ಪರವಾಗಿಲ್ಲ.

ಅಬ್ಬನಿಗೆ ನನ್ನ ಸಲಾಂ ತಿಳಿಸು. ಅವರ ಮಗಳ ಕೈಲಿ ಆಗದ ಕೆಲಸ ಅಲ್ಲಿ ಯಾವುದೂ ಇರಲಿಲ್ಲ.

ನಿನ್ನವಳೆಂದು ಇನ್ನೂ ಅಂದುಕೊಂಡಿರುವ,
ಲತಾಮಣಿ

ತಾ.ಕ.: ಮುಂದಿನದನ್ನು ಅಬ್ಬನಿಗೆ ಓದುವುದೋ ಬಿಡುವುದೋ ನಿನಗೇ ಬಿಟ್ಟದ್ದು. ಅವ್ವ ಹಾಗೆ ಕೂಗಿದ್ದು ಕಳೆದ ಭಾನುವಾರವಲ್ಲ, ಯುಗಾದಿಯ ಮಾರನೇ ದಿನ. ಎರಡು ಗಾಜಿನ ಪರೀಕ್ಷೆ ಮಾಡಿದ್ದೂ ಆ ವಾರವೇ. ಆಗ ನನ್ನ ಲೇಖನ ಇನ್ನೂ ಅಚ್ಚಾಗಿರಲಿಲ್ಲ, ಒಂದು ಮಾತಿನಲ್ಲಿ ನಿಲ್ಲಿಸಬಹುದಿತ್ತು. ಜೂನ್ ಮೀಟಿಂಗಿನಲ್ಲಿ ಸರ್ ಆ ಮಾತು ಅಂದಾಗ ನೀನು ನನ್ನ ಕಡೆ ತಿರುಗಿ ನೋಡಿದೆ. ನನಗೆ ಎಲ್ಲವೂ ಗೊತ್ತಿತ್ತು, ತಲೆ ತಗ್ಗಿಸಿ ನೀರು ಕುಡಿದೆ. ಸರ್‌ಗೆ ಕೊಟ್ಟ ಕಾಗದದಲ್ಲಿ ಯುಗಾದಿ ಎಂದೇ ಬರೆದಿದ್ದೇನೆ. ನಿನಗೆ ಬರೆಯುವಾಗ ಮಾತ್ರ ಕೈ ಬರಲಿಲ್ಲ.