ಮೈದಾನಕ್ಕೆ ಬಂದ ಆಫೀಸು ರೂಮು

ಶಾಲೆಯ ಕ್ವಾರ್ಟರ್ಸ್
ಮಾರ್ಚ್ ೮, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಓದು. ಪರೀಕ್ಷೆ ಹತ್ತಿರ ಬಂತು, ಪ್ರಶ್ನೆಪತ್ರಿಕೆಯ ಕೆಲಸ, ಮಂಡಿನೋವು ಎಂದೆಲ್ಲ ನೆಪ ಹೇಳಬಹುದಿತ್ತು. ಮಂಡಿನೋವು ನಿಜ, ಉಳಿದದ್ದು ಸುಳ್ಳು. ನಿನ್ನ ಮಗರಾಯ ಪುಟ್ಟ ಈಗ ಸ್ವಂತ ಅಂಗಡಿ ಹಾಕುತ್ತಿದ್ದಾನೆ, ಹೊಲಿಗೆ ಯಂತ್ರ ರಿಪೇರಿಗೆ ಊರಲ್ಲೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಓದಿ ಎಷ್ಟು ಹಿಗ್ಗಿದೆ ಗೊತ್ತೇ? ಅದರ ಕೆಳಗೆ ನೀನು ಬರೆದ ಸಾಲು ಓದಿ ಕಾಗದ ಮಡಿಚಿಟ್ಟೆ. "ಅಂಗಡಿ ಬಾಗಿಲು ಮಾವನೇ ತೆಗೀಬೇಕು ಅಂತ ಹಟ ಹಿಡಿದಿದಾನೆ ಅಣ್ಣ. ಅವತ್ತು ನನ್ನ ಪರವಾಗಿ ಮಾತಾಡಿದ್ದು ಅವರೊಬ್ಬರೇ ಅಂತಾನೆ." ಇದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಂದೆ ಹೋಗಲಿಲ್ಲ. ಮೊನ್ನೆ ಸೋಮವಾರ ನಮ್ಮ ಶಾಲೆಯಲ್ಲಿ ಒಂದು ಘಟನೆ ನಡೆಯದಿದ್ದರೆ ಇವತ್ತೂ ಹೋಗುತ್ತಿರಲಿಲ್ಲವೇನೋ.

ಕೊನೆಯ ವರ್ಷದ ಮಕ್ಕಳು ಶಾಲೆ ಬಿಡುವ ಮುಂಚೆ ಏನಾದರೊಂದು ಕಿತಾಪತಿ ಮಾಡುವುದು ನಮ್ಮಲ್ಲಿ ಮೊದಲಿನಿಂದಲೂ ಉಂಟು. ಅದನ್ನು ತಡೆಯುವುದೂ ಮೊದಲಿನಿಂದ ನನ್ನದೇ ಕೆಲಸ. ಶಿಸ್ತಿನ ಮೇಷ್ಟ್ರಲ್ಲವೇ ನಾನು! ಮಕ್ಕಳು ನನಗಿಟ್ಟ ಹೆಸರು 'ಅಡಿಪಟ್ಟಿ'. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ ಪಾಪ.

ಸೋಮವಾರ ಎಂಟು ಗಂಟೆಗೆ ಗೇಟು ದಾಟಿದರೆ ಏನು ನೋಡುವುದು! ಮೈದಾನದ ನಟ್ಟನಡುವೆ ಹೆಡ್ ಮೇಡಂ ಆಫೀಸು ರೂಮು. ತಮಾಷೆಯಲ್ಲ ಮಾರಾಯ್ತಿ, ಇಡೀ ರೂಮು! ಮೇಜು, ಕುರ್ಚಿ, ಎರಡು ಬೀರು, ಗೋಳ, ಪೆನ್ನಿನ ಸ್ಟ್ಯಾಂಡು, ಅರ್ಧ ಕುಡಿದಿಟ್ಟಿದ್ದ ನೀರಿನ ಲೋಟ. ಗೋಡೆ ಇರುವ ಕಡೆ ಸುಣ್ಣದ ಪುಡಿಯಲ್ಲಿ ಗೆರೆ, ಕಿಟಕಿ ಇರುವ ಕಡೆ ಜೋಡಿ ಗೆರೆ, ಬಾಗಿಲಿನ ಜಾಗದಲ್ಲಿ ಕಾಲೊರೆಸು. ಸಿಟ್ಟಿನಿಂದ ಉರಿಯುತ್ತ ಹತ್ತಿರ ಹೋದೆ. ಹೋದವನು ಏನು ಮಾಡಿದೆ ಹೇಳು? ಆ ಕಾಲೊರೆಸಿನ ಮೇಲೆ ಎರಡೂ ಕಾಲು ಒರೆಸಿಕೊಂಡು, ಇಲ್ಲದ ಬಾಗಿಲಿನಿಂದಲೇ ಒಳಗೆ ಹೋದೆ! ಮುನ್ನೂರು ಮಕ್ಕಳು ಗೊಳ್ಳೆಂದು ನಕ್ಕವು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಕಾಲು ನನ್ನ ಮಾತು ಕೇಳುತ್ತದೆಯೇ?

ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ ಬಿಟ್ಟು ಹೋಗಿದ್ದರು. ರೂಮಿನ ನಕ್ಷೆ. ಪ್ರತಿಯೊಂದು ಸಾಮಾನಿನ ಅಳತೆ, ಮೂಲೆಯಿಂದ ಮೂಲೆಗೆ ಕರ್ಣ ಎಳೆದು ತಾಳೆ ನೋಡಿದ ಲೆಕ್ಕ. ಅದನ್ನು ಅವರಿಗೆ ಕಲಿಸಿದವನು ನಾನೇ. ಪರೀಕ್ಷೆಯಲ್ಲಿ ಇದೇ ಲೆಕ್ಕ ಕೊಟ್ಟರೆ ಅರ್ಧ ತರಗತಿ ತಲೆ ಕೆರೆದುಕೊಳ್ಳುತ್ತದೆ, ಇಲ್ಲಿ ನೋಡಿದರೆ ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ. ಸಿಟ್ಟಿನ ಒಳಗೇ ಒಂದು ಗಳಿಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಹೆಮ್ಮೆ ಎಷ್ಟು ಹೊತ್ತು? ಬೆಳಿಗ್ಗೆ ಆರಕ್ಕೆ ಬಂದು ಕಸ ಗುಡಿಸುವ ನಮ್ಮ ಆಯಾ ಬಳಿಯೇ ಬೀಗದ ಕೈ ಇರುವುದು. ಗ್ರೂಪ್ ಫೋಟೋಗೆ ಬೆಂಚು ಬೇಕು ಎಂದು ಹುಡುಗರು ಕೇಳಿದ್ದಾರೆ, ಈಕೆ ಇಡೀ ಗೊಂಚಲನ್ನೇ ಕೊಟ್ಟು ಮಹಡಿ ಗುಡಿಸಲು ಹೋಗಿದ್ದಾಳೆ. ಎಲ್ಲರ ಎದುರಿಗೇ ಅವಳ ಮೇಲೆ ಹರಿಹಾಯ್ದೆ. "ನಿನ್ನ ಕೆಲಸ ಇವತ್ತಿಗೆ ಮುಗೀತು, ಮನೆಗೆ ಹೋಗು" ಎಂದೆ. ಅವಳು ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸ್ಟಾಫ್ ರೂಮಿಗೆ ಹೋಗಿ ಹದಿನೈದು ಮಕ್ಕಳ ಹೆಸರು ಬರೆದು, ಇವರ ಹಾಲ್ ಟಿಕೆಟ್ ತಡೆಹಿಡಿಯಬೇಕು ಎಂದು ಕಾಗದ ಸಿದ್ಧ ಮಾಡಿದೆ. ಹಾಲ್ ಟಿಕೆಟ್ ಇಲ್ಲ ಎಂದರೆ ಪರೀಕ್ಷೆ ಇಲ್ಲ. ಅದು ಏನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಮೇಡಂ ಬಂದರು. ಈ ವರ್ಷ ಹೊಸದಾಗಿ ಬಂದವರು, ನನಗಿಂತ ಹದಿನಾರು ವರ್ಷ ಚಿಕ್ಕವರು. ಗೆರೆಯ ಸುತ್ತ ಒಂದು ಸುತ್ತು ಬಂದು, ಬಾಗಿಲಿನಿಂದಲೇ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, "ಗಾಳಿ ಚೆನ್ನಾಗಿದೆ ಸರ್, ಹಾಜರಿ ಪುಸ್ತಕ ತರಿಸಿ" ಎಂದರು. ಅಲ್ಲೇ ಸಹಿ ಹಾಕಿದರು. ನಾನು ನನ್ನ ಕಾಗದ ಮುಂದಿಟ್ಟೆ. ಓದಿ, ಲೋಟದ ಕೆಳಗೆ ಒತ್ತಿಟ್ಟು, ಹದಿನೈದು ಜನರನ್ನೂ ಕರೆಸಿದರು.

"ಏನಾದ್ರೂ ಒಡೀತಾ?" ಎಂದು ಕೇಳಿದರು.

ಮುಂದಾಳು ಒಬ್ಬಳು ಉದ್ದ ಜಡೆಯ ಹುಡುಗಿ. "ಇಲ್ಲ ಮೇಡಂ. ಮೇಜಿನ ಗಾಜನ್ನ ನಮ್ಮ ಸ್ವೆಟರ್‌ನಲ್ಲಿ ಸುತ್ತಿ ತಂದ್ವಿ."

"ಯಾರಿಗಾದ್ರೂ ಪೆಟ್ಟಾಯ್ತಾ?"

"ಬೀರು ಎತ್ತೋವಾಗ ಇವನ ಬೆರಳು ಒಂದು ಚೂರು ಜಜ್ಜಿತು, ಅಷ್ಟೇ."

"ಸರಿ. ಯಾರಾದ್ರೂ ಅತ್ರಾ?"

ಹುಡುಗಿ ತಿರುಗಿ ಮೆಟ್ಟಿಲ ಕಡೆ ನೋಡಿದಳು. "ಆಯಾ... ನಾವು ಅದನ್ನ ಯೋಚ್ನೇನೇ ಮಾಡ್ಲಿಲ್ಲ ಮೇಡಂ" ಎಂದಳು.

"ಮೇಜನ್ನ ಅಳೆದ್ರಿ, ಕಿಟಕೀನ ಅಳೆದ್ರಿ. ಬೀಗದ ಕೈ ಯಾರ ಹತ್ರ ಇದೆ, ಆಮೇಲೆ ಬೈಸ್ಕೊಳ್ಳೋರು ಯಾರು ಅಂತ ನೋಡ್ಲಿಲ್ಲ. ನಿಮ್ಮ ತಪ್ಪು ಇದೊಂದೇ. ಉಳಿದಿದ್ದು ನಂಗೆ ಇಷ್ಟ ಆಯ್ತು" ಎಂದರು ಮೇಡಂ. ತೀರ್ಪೂ ಅಲ್ಲೇ ಆಯಿತು. ಮಧ್ಯಾಹ್ನದೊಳಗೆ ಎಲ್ಲವೂ ಸ್ವಸ್ಥಾನಕ್ಕೆ ಹೋಗಬೇಕು. ಒಂದು ವಾರ ಬೆಳಿಗ್ಗೆ ಆರಕ್ಕೆ ಬಂದು ಶಾಲೆ ಗುಡಿಸಬೇಕು. ಆಯಾ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾಳೆ, ಇವರು ಗುಡಿಸುತ್ತಾರೆ. ಮೊದಲು ಹೋಗಿ ಅವಳ ಕ್ಷಮೆ ಕೇಳಬೇಕು.

"ಹಾಲ್ ಟಿಕೆಟ್?" ಎಂದೆ ನಾನು.

"ಅದಕ್ಕೂ ಇದಕ್ಕೂ ಏನು ಸಂಬಂಧ ಸರ್? ಮೇಜು ಎತ್ತಿಟ್ಟಿದ್ದಕ್ಕೆ ವಾಪಸ್ ಎತ್ತಿಡ್ಲಿ. ಮೇಜು ಎತ್ತಿದ್ದಕ್ಕೆ ಒಂದು ವರ್ಷ ಕಿತ್ಕೊಳ್ಳೋಕಾಗುತ್ತಾ?" ಆಮೇಲೆ ದನಿ ತಗ್ಗಿಸಿ, "ಆಯಾ ಹತ್ರ ನಿಮ್ದೂ ಒಂದು ಮಾತು ಬಾಕಿ ಇದೆ ಅನ್ಸುತ್ತೆ" ಎಂದರು. ಎಲ್ಲರೆದುರು ಹೇಳದೆ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು ನೋಡು, ಆ ಹೆಣ್ಣುಮಗಳ ದೊಡ್ಡತನ. ಹೋಗಿ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಸಾರ್, ನೀವೂ ಗಾಬ್ರಿ ಆಗಿದ್ರಿ" ಎಂದಳು ಆಯಾ. ಇಂಥವರ ಎದುರು ಮನುಷ್ಯ ಎಷ್ಟು ಚಿಕ್ಕವನಾಗುತ್ತಾನೆ!

ಇಷ್ಟೇ ಆಗಿದ್ದರೆ ನಗುತ್ತ ಬರೆದು ಮುಗಿಸುತ್ತಿದ್ದೆ. ಮೇಜಿನ ಎದುರಿಗೆ ನೆಲದ ಮೇಲೆ ಸುಣ್ಣದಲ್ಲಿ ಎರಡು ಪಾದ ಬರೆದಿತ್ತು. "ಇದೇನು?" ಎಂದರು ಮೇಡಂ.

"ನಾವು ನಿಂತ್ಕೊಳ್ಳೋ ಜಾಗ ಮೇಡಂ. ಯಾರನ್ನ ಕರೆಸಿದ್ರೂ ಅಲ್ಲೇ ತಾನೆ ನಿಲ್ಸೋದು" ಎಂದು ಒಬ್ಬ ಹುಡುಗ ನಗುತ್ತ ಹೇಳಿದ.

ಮೇಡಂ ನಗಲಿಲ್ಲ. "ಒಂದು ಸಾಮಾನು ಬಿಟ್ಟು ಬಂದಿದೀರಿ. ಅಲ್ಲಿ ರೂಮಿನ ಬಾಗಿಲ ಹಿಂದೆ ಒಂದು ಕುರ್ಚಿ ಇದೆ, ತನ್ನಿ" ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಅದರ ಮೇಲೆ ಕಡತಗಳ ರಾಶಿ ಇಟ್ಟು ಇಟ್ಟು, ಅದು ಕುರ್ಚಿ ಎಂದೇ ಅವರಿಗೆ ಗೊತ್ತಿರಲಿಲ್ಲ. ಅಷ್ಟೆಲ್ಲ ಅಳೆದವರು ಇದೊಂದನ್ನು ಕಾಣಲಿಲ್ಲ. ಮೇಡಂ ಅದನ್ನು ಆ ಪಾದಗಳ ಮೇಲೆಯೇ ಹಾಕಿಸಿ, ಜಡೆಯ ಹುಡುಗಿಯನ್ನು ಕೂರಿಸಿ, ಬೀರುವಿನಲ್ಲಿದ್ದ ಅವಳ ಹಾಲ್ ಟಿಕೆಟನ್ನು ತೆಗೆದು ಕೈಗೆ ಕೊಟ್ಟರು. ಆಮೇಲೆ ಒಬ್ಬೊಬ್ಬರಾಗಿ ಹದಿನೈದೂ ಜನ ಕೂತು ಎದ್ದು ಹೋದರು. ಕಡತಗಳನ್ನು ಆ ಕುರ್ಚಿಯ ಮೇಲೆ ಪೇರಿಸಿದವನು ನಾನು.

ಮೇಡಂಗೆ ಮನಸ್ಸಿನಲ್ಲೇ ಕೈ ಮುಗಿದೆ. ಇಂಥವರ ಕೈಯಲ್ಲಿ ಆ ಮಕ್ಕಳು ಶಾಲೆ ಮುಗಿಸುತ್ತಿದ್ದಾರೆ, ಪುಣ್ಯವಂತರು. ಈಗ ದಿನಾ ಬೆಳಿಗ್ಗೆ ಆಯಾ ಮಹಾರಾಣಿಯ ಹಾಗೆ ಕೂತು, "ಆ ಮೂಲೆ ಯಾರಪ್ಪ ಗುಡಿಸೋರು?" ಎನ್ನುತ್ತಿದ್ದಾಳೆ.

ನಿನ್ನ ಸೊಂಟನೋವು ಹೇಗಿದೆ? ಭಾವನವರಿಗೆ ನನ್ನ ನಮಸ್ಕಾರ ಹೇಳು. ಪುಟ್ಟನ ಅಂಗಡಿ ಚೆನ್ನಾಗಿ ನಡೆಯಲಿ, ಅವನ ಕೈಗೆ ಎಂದೂ ಕೆಲಸ ತಪ್ಪದಿರಲಿ. ನೀವೆಲ್ಲ ನೂರು ಕಾಲ ಸುಖವಾಗಿರಿ.

ನಿನ್ನ
ಅಣ್ಣ

ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದ ಹಿಂದೆ ಪುಟ್ಟ ಇದೇ ಶಾಲೆಯಲ್ಲಿ ಕೊನೆಯ ವರ್ಷದಲ್ಲಿದ್ದಾಗ ಗಂಟೆಯ ತಂತಿ ಬದಲಿಸಿ, ಬೆಳಿಗ್ಗೆ ಹನ್ನೊಂದಕ್ಕೇ ಮನೆ ಗಂಟೆ ಹೊಡೆಸಿದ್ದ. ಇಡೀ ಶಾಲೆ ಕುಣಿಯುತ್ತ ಮನೆಗೆ ಹೋಯಿತು. ಏನೂ ಒಡೆಯಲಿಲ್ಲ, ಯಾರೂ ಅಳಲಿಲ್ಲ. ಅದೇ ಮೇಜಿನ ಎದುರು, ಆ ಸುಣ್ಣದ ಪಾದ ಇತ್ತಲ್ಲ, ಅಲ್ಲೇ ನಿಂತು "ಮಾವಾ" ಎಂದ. "ಇಲ್ಲಿ ಸರ್ ಅನ್ನು" ಎಂದು ಹೊರಗೆ ಕಳಿಸಿದೆ. ಆಗಿನ ಹೆಡ್ ಮಾಸ್ತರರು ನಗುತ್ತಿದ್ದರು ಕಣೇ. "ಒಳ್ಳೆ ಕೈಗುಣ ಇದೆ ಹುಡುಗನಿಗೆ, ಬೈದು ಬಿಡಿ" ಎಂದರು. ಸೋದರಳಿಯ ಅಂತ ಬಿಟ್ಟ ಎಂದು ಜನ ಆಡಿಕೊಂಡಾರು ಎಂದು ಹೆದರಿ, ಹಾಲ್ ಟಿಕೆಟ್ ತಡೆಯಲೇಬೇಕೆಂದು ಇಪ್ಪತ್ತು ನಿಮಿಷ ಹಟ ಹಿಡಿದವನು ನಾನು. ಹೊರಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ತುಂಬಾ ಹೇಳ್ದೆ ಕಣೋ, ಅವರು ಕೇಳ್ಲಿಲ್ಲ" ಎಂದೆ. ನಿನಗೂ ಅದನ್ನೇ ಬರೆದೆ. ಅವನು ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. ಆ ಹೆಡ್ ಮಾಸ್ತರರು ಈಗಿಲ್ಲ, ನೀನು ಇಂದಿಗೂ ಅವರಿಗೆ ಶಾಪ ಹಾಕುತ್ತೀಯ. ಅದು ನನಗೆ ಬರಬೇಕಾದದ್ದು.

ಈ ಕಾಗದವನ್ನು ಪುಟ್ಟನ ಕೈಗೇ ಕೊಡು. ಓದಿದ ಮೇಲೂ ಬಾ ಎಂದರೆ ಬರುತ್ತೇನೆ. ಬಾಗಿಲು ಅವನೇ ತೆಗೆಯಲಿ. ನನಗೆ ಕುರ್ಚಿ ಹಾಕುವುದು ಬೇಡ, ಹೇಳಬೇಕಾದ್ದನ್ನು ಅವನೆದುರು ನಿಂತೇ ಹೇಳುತ್ತೇನೆ.