ಸೀತಾಲಕ್ಷ್ಮಿ ಕಾಸಿದ ಡೀಸೆಲ್

ನವೆಂಬರ್ 9, ಭಾನುವಾರ, ಸಂಜೆ

ಮದುವೆಯ ಅಡುಗೆ ಮುಗಿಸಿ ಬಂದು ಈಗ ಕಾಲು ಚಾಚಿದೆ. ಜೆಪಿ ನಗರದ ಛತ್ರ. ಅಂಬೊಡೆ ಎರಡನೇ ಪಂಕ್ತಿಗೇ ಮುಗಿಯಿತು. ಬೀಗರ ಕಡೆಯವರು ತಿಂದರೋ, ಕಟ್ಟಿಕೊಂಡು ಹೋದರೋ, ಆ ದೇವರೇ ಬಲ್ಲ. ಕರಿದ ಎಣ್ಣೆ ಒಂದಿಷ್ಟು ಕ್ಯಾನ್ ಉಳಿಯಿತು. ಲಾರಿಯಿಂದ ಪಾತ್ರೆ ಇಳಿಸುವ ಮೊದಲೇ ಸೀತಾಲಕ್ಷ್ಮಿ ಬಂದು ಆ ಕ್ಯಾನ್ ಇಳಿಸಿಕೊಂಡಳು. ಗಂಡ ಊಟ ಮಾಡಿದನೋ ಇಲ್ಲವೋ ಕೇಳಲಿಲ್ಲ!

ಹಿತ್ತಿಲ ಶೆಡ್ಡು ಈಗ ಅವಳ ಕಾರ್ಖಾನೆ. ಎಣ್ಣೆ ಕಾಸಿ ನೀರಿನಂಶ ತೆಗೆಯಬೇಕಂತೆ, ಸೋಸಬೇಕಂತೆ, ಆಮೇಲೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಡ್ರಮ್ಮಿನಲ್ಲಿ ತಿರುಗಿಸಬೇಕಂತೆ. ಮಾರನೆಯ ದಿನ ತಳದಲ್ಲಿ ಗ್ಲಿಸರಿನ್ ಜೋನಿಬೆಲ್ಲದ ಹಾಗೆ ಕೂತಿರುತ್ತದೆ. ಮೇಲೆ ಹೊಂಬಣ್ಣದ ತಿಳಿ. ಅದನ್ನು ನೀರಲ್ಲಿ ತೊಳೆದು ಆರಿಸಿದರೆ... ಡೀಸೆಲ್. ನಮ್ಮ ಹಳೇ ಫೋರ್ ನಾಟ್ ಸೆವೆನ್ ಲಾರಿ ಯುಗಾದಿಯಿಂದ ಇದರಲ್ಲೇ ಓಡುತ್ತಿದೆ. ನಾನು ನಂಬಿರಲೇ ಇಲ್ಲ. ಲಾರಿ ಹಿಂದೆ ನಿಂತರೆ ಬೋಂಡ ಕರಿದ ವಾಸನೆ. ಡ್ರೈವರ್ ಲಕ್ಕಪ್ಪ ಹೇಳುತ್ತಾನೆ, ಸಿಗ್ನಲ್ಲಿನಲ್ಲಿ ಬೈಕಿನವರು ಅಕ್ಕಪಕ್ಕ ಹೋಟೆಲ್ ಹುಡುಕುತ್ತಾರಂತೆ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು. ರಿಟೈರ್ ಆದ ಮೇಲೆ ಟೀವಿ ಮುಂದೆ ಸುಮ್ಮನೆ ಕೂತಿರುತ್ತಿದ್ದಳು, ಟೀವಿ ಆಫ್ ಆಗಿದ್ದರೂ. ನೋಡಲಾಗುತ್ತಿರಲಿಲ್ಲ ನನಗೆ. ಈಗ ಶೆಡ್ಡಿನಲ್ಲಿ ಹಾಡಿಕೊಂಡು ಕೆಲಸ ಮಾಡುತ್ತಾಳೆ. ಎಂಥಾ ಹೆಂಗಸು! ಇದನ್ನೆಲ್ಲ ಅವಳಿಗೆ ಹೇಳಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ನವೆಂಬರ್ 27

ಬಾಯಿ ಸುಮ್ಮನಿರಲಾರದೆ ಕೇಳಿದೆ. "ಗಾಡಿ ಎಲ್ಲಾದ್ರೂ ಕೈಕೊಟ್ರೆ ಏನೇ ಗತಿ?"

"ಒಂದೇ ಒಂದು ಸಲ ನಿಲ್ಲಲಿ ರೀ. ಅವತ್ತೇ ಡ್ರಮ್ ಗುಜರಿಗೆ ಹಾಕ್ತೀನಿ. ನಿಮ್ಮ ಹತ್ರ ಹೇಳಿಸ್ಕೊಳ್ಳೋದು ಬೇಡ."

ಮಾತು ಕೊಟ್ಟರೆ ಮುಗಿಯಿತು, ಇವಳು ಬಿಡುವವಳಲ್ಲ. ಯಾಕಾದರೂ ಕೇಳಿದೆನೋ.

ಡಿಸೆಂಬರ್ 14, ಭಾನುವಾರ

ಮಂಗಳವಾರದಿಂದ ಧನುರ್ಮಾಸ. ಮದುವೆ ಇಲ್ಲ, ಕರಿಯುವುದಿಲ್ಲ, ಎಣ್ಣೆಯೂ ಇಲ್ಲ. ಲಾರಿಗೆ ಮಾತ್ರ ರಜೆ ಇಲ್ಲ. ಉತ್ತರಹಳ್ಳಿ ದೇವಸ್ಥಾನಕ್ಕೆ ತಿಂಗಳಿಡೀ ಸೂರ್ಯ ಹುಟ್ಟುವ ಮುಂಚೆ ನಮ್ಮ ಮನೆಯ ಹುಗ್ಗಿ ಹೋಗಬೇಕು. ಅಪ್ಪನ ಕಾಲದ ಸೇವೆ. ಒಂದು ದಿನವೂ ತಪ್ಪಿಲ್ಲ.

ಲಕ್ಕಪ್ಪ ಉಪಾಯ ಹೇಳಿದ. "ಬಿಟಿಎಂನಾಗೆ ಕಬಾಬ್ ಅಂಗ್ಡಿಯೋನು ಕ್ಯಾನ್‌ಗಟ್ಲೆ ಕೊಡ್ತಾನೆ ಸ್ವಾಮಿ."

"ದೇವರ ಹುಗ್ಗಿ ಹೊರೋ ಗಾಡಿಗೆ ಕೋಳಿ ಕರಿದ ಎಣ್ಣೆನೇನೋ!"

"ಗಾಡಿಗೂ ಮಡಿನಾ ಸ್ವಾಮಿ?"

ಸೀತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗಲಿ. ಕೊನೆಗೆ ಅರೆಕೆರೆಯ ಚಿಪ್ಸ್ ಅಂಗಡಿಯವನನ್ನು ಹಿಡಿದೆವು. ಬರೀ ಆಲೂಗಡ್ಡೆ, ಬಾಳೆಕಾಯಿ ಕರಿದದ್ದು. ನನಗೆ ಸಮಾಧಾನ.

ಡಿಸೆಂಬರ್ 19

ಹುಗ್ಗಿ ದಿನಾ ಹೊತ್ತಿಗೆ ಸರಿಯಾಗಿ ತಲುಪುತ್ತಿದೆ. ಹಳೇ ಡೀಸೆಲ್ ಇವತ್ತಿಗೆ ಮುಗಿಯಿತು, ಚಿಪ್ಸ್ ಅಂಗಡಿಯದು ತಯಾರಾಗಿದೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಜೇನುತುಪ್ಪದ ಬಣ್ಣ. "ಹೂಂ, ಪರವಾಗಿಲ್ಲ" ಎಂದೆ. ಆದರೆ ಅರ್ಚಕರ ಹತ್ತಿರ, ಹೂವಿನ ಈಶ್ವರಮ್ಮನ ಹತ್ತಿರ, ಚಪ್ಪಲಿ ಕಾಯುವವನ ಹತ್ತಿರ ಕೂಡ ಹೇಳಿಕೊಂಡು ಬಂದೆ: ನಮ್ಮ ಲಾರಿಯ ಡೀಸೆಲ್ ನಮ್ಮನೆಯವಳೇ ಮಾಡಿದ್ದು.

ಡಿಸೆಂಬರ್ 23, ಮಧ್ಯಾಹ್ನ

 ಸಿಟ್ಟೋ, ನಾಚಿಕೆಯೋ, ಗೊತ್ತಾಗುತ್ತಿಲ್ಲ.

ಇವತ್ತು ಬೆಳಗಿನ ಜಾವದಷ್ಟು ಚಳಿ ಈ ವರ್ಷದಲ್ಲೇ ಇರಲಿಲ್ಲ. ಸೀತಾ ಕೂಡ ದರ್ಶನಕ್ಕೆ ಬರುತ್ತೇನೆಂದು ಲಾರಿ ಹತ್ತಿದಳು. ಗೌಡನಪಾಳ್ಯ ದಾಟುವ ಹೊತ್ತಿಗೆ ಗಾಡಿ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಲಕ್ಕಪ್ಪ ಸೆಲ್ಫ್ ಹೊಡೆದ, ಹೊಡೆದ. "ಎಣ್ಣೆ ಮ್ಯಾಕ್ ಬತ್ತಿಲ್ಲ ಸ್ವಾಮಿ."

ಸೀತಾ ಇಳಿದು ಫಿಲ್ಟರ್ ಬಿಚ್ಚಿಸಿದಳು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಒಳಗೆಲ್ಲ ಬೆಣ್ಣೆಯ ಹಾಗೆ ಹೆಪ್ಪು.

"ಪಾಮ್ ಎಣ್ಣೆ ಕಣ್ರೀ. ಚಿಪ್ಸ್ ಅಂಗಡೀಲಿ ಅದೇ ತಾನೇ ಹಾಕೋದು. ನಮ್ಮ ಮದುವೆ ಎಣ್ಣೆ ಸೂರ್ಯಕಾಂತಿ, ಈ ಚಳಿಗೆಲ್ಲ ಜಗ್ಗಲ್ಲ. ಇದು ಗಟ್ಟಿಯಾಗ್ಬಿಡುತ್ತೆ. ಹುಡುಗರಿಗೆ ಇದನ್ನೇ ಪಾಠ ಮಾಡಿದೀನಿ, ನಂಗೇ ಹೊಳೀಲಿಲ್ಲ ನೋಡಿ."

ನಾನು ಕಿರುಚಿದೆ. ರಸ್ತೆಯಲ್ಲಿ. ಲಕ್ಕಪ್ಪನ ಎದುರಿಗೆ. "ಅಪ್ಪನ ಕಾಲದ ಸೇವೆ ಕಣೇ ಇದು! ನಿನ್ನ ಪ್ರಯೋಗಕ್ಕೆ ದೇವರ ಹುಗ್ಗಿನೇ ಸಿಕ್ತಾ?"

ಅವಳು ಹೋಗುತ್ತಿದ್ದ ಆಟೋಗೆ ಕೈ ಅಡ್ಡ ಹಾಕಿದಳು. ಹುಗ್ಗಿಯ ಕೊಳದಪ್ಪಲೆ ಹತ್ತಿಸಿದಳು. "ನೀವು ಹೋಗಿ. ಗಾಡಿ ನಾನು ನೋಡ್ಕೋತೀನಿ."

ನೈವೇದ್ಯ ಹೊತ್ತಿಗೆ ಆಯಿತು. ಮಂಗಳಾರತಿ ಮುಗಿಸಿ ಹೊರಗೆ ಬಂದರೆ... ನಮ್ಮ ಲಾರಿ! ಬೋಂಡದ ವಾಸನೆ ಬಿಡುತ್ತಾ ಬಂದು ನಿಂತಿತು. ಸೀತಾಳ ಸೀರೆ ಮೊಣಕಾಲಿನವರೆಗೆ ಒದ್ದೆ. ಲಕ್ಕಪ್ಪ ಇಳಿದವನೇ ಶುರು ಮಾಡಿದ. "ಟೀ ಅಂಗ್ಡಿ ಬಾಗ್ಲು ತೆಗೆಸಿ ಕುದಿಯೋ ನೀರು ತಂದ್ರು ಸ್ವಾಮಿ. ಫಿಲ್ಟ್ರು, ಪೈಪು ಎಲ್ಲಾ ಕಾಸಿ ಕರಗಿಸಿದ್ರು. ಬಂಕಿಂದ ನನ್ ಕೈಲಿ ಡೀಸೆಲ್ ತರಿಸಿ ಬೆರೆಸಿದ್ರು. ಅಮ್ಮಾವ್ರು ಸಖತ್ತು!"

ಮನೆಯವರೆಗೂ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಆಡಲಿಲ್ಲ, ನಾನು. ದರಿದ್ರ ನಾಲಿಗೆ. ಕಿರುಚಲು ಬರುತ್ತದೆ, ಬೇಕಾದಾಗ ಏಳುವುದಿಲ್ಲ.

ಡಿಸೆಂಬರ್ 24

ಡ್ರಮ್ ತೊಳೆದು ಬೋರಲು ಹಾಕಿದ್ದಾಳೆ. ಲಾರಿಗೆ ಬಂಕ್ ಡೀಸೆಲ್.

"ಇರ್ಲಿ ಬಿಡೇ, ಹುಗ್ಗಿ ತಲುಪ್ತಲ್ಲ."

"ಮಾತು ಅಂದ್ರೆ ಮಾತು ರೀ."

ಡಿಸೆಂಬರ್ 29

ಗುಜರಿಯವನು ಬಂದ. "ಅಂಕಲ್, ಡ್ರಮ್ ಇದೆ ಅಂತ ಆಂಟಿ ಫೋನ್ ಮಾಡಿದ್ರು."

"ಆಂಟಿ ಊರಲ್ಲಿಲ್ಲ" ಎಂದೆ. ಆಂಟಿ ನನ್ನ ಹಿಂದೆಯೇ ನಿಂತಿದ್ದಳು. ಆದರೂ ಅವನನ್ನು ಗೇಟಿನಿಂದ ಹೊರಗೆ ಅಟ್ಟಿದೆ. ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

ಜನವರಿ 17

ಸಂಕ್ರಾಂತಿ ಆಯಿತು. ಎಳ್ಳು ಬೀರಿದೆವು. ಮತ್ತೆ ಟೀವಿ ಮುಂದೆ ಕೂರುತ್ತಿದ್ದಾಳೆ. ಟೀವಿ ಆಫ್. ಹೆದರಿಕೆಯಾಗುತ್ತಿದೆ ನನಗೆ.

ಫೆಬ್ರವರಿ 8, ಭಾನುವಾರ

ಮದುವೆಗಳು ಶುರು. ಇವತ್ತು ಜಯನಗರದಲ್ಲಿ. ಕ್ಯಾನ್‌ಗಳನ್ನು ಶೆಡ್ಡಿನ ಬಾಗಿಲಲ್ಲಿ ಇಳಿಸಿದೆ. ಅವಳು ಬರಲಿಲ್ಲ. ಸರಿ, ನಾನೇ ಮಾಡುತ್ತೇನೆ ಎಂದು ಹಳೇ ಪಂಚೆಯಲ್ಲಿ ಸೋಸಿದೆ. ದೊಡ್ಡ ಬಾಣಲೆಗೆ ಸುರಿದು ಒಲೆ ಹಚ್ಚಿದೆ. ಜನ್ಮವೆಲ್ಲ ಎಣ್ಣೆ ಮುಂದೆ ನಿಂತವನು ನಾನು, ಏನು ಮಹಾ? ತಳದಲ್ಲಿ ನೀರು ಉಳಿದಿತ್ತು. ಚಟಪಟ ಎಂದು ಸಿಡಿದು ಮುಂಗೈ ಸುಟ್ಟಿತು.

ನನ್ನ ಕೂಗಿಗೆ ಓಡಿ ಬಂದಳು. ಒಲೆ ಆರಿಸಿದಳು. ಕೈಯನ್ನು ನಲ್ಲಿ ಕೆಳಗೆ ಹಿಡಿದಳು. "ಬುದ್ಧಿ ಇದೆಯಾ ನಿಮಗೆ? ಈ ವಯಸ್ಸಲ್ಲಿ ಇದೆಲ್ಲ ಬೇಕಾ?"

ಬಿಡಲಿಲ್ಲ ನಾನು. ನೀರು ಬೀಳುತ್ತಿರುವಾಗಲೇ ಹೇಳಿದೆ. "ಅವತ್ತು ರಸ್ತೇಲಿ ಕಿರುಚಿದ್ದು ತಪ್ಪಾಯ್ತು ಕಣೇ. ನನ್ನ ಹೆಂಡತಿ ಡೀಸೆಲ್ ಮಾಡ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ. ಚಪ್ಪಲಿ ಕಾಯೋನಿಗೂ ಹೇಳಿದೀನಿ. ನಿಂಗೊಬ್ಬಳಿಗೆ ಹೇಳಿಲ್ಲ. ನೀನು ಶೆಡ್ಡಲ್ಲಿ ಹಾಡ್ತಿದ್ರೆ ನಂಗೆ ಜೀವಕ್ಕೆ ಹಾಯಾಗಿರುತ್ತೆ. ಬಿಡ್ಬೇಡ ಸೀತಾ."

ಅವಳು ನಲ್ಲಿ ನಿಲ್ಲಿಸಿದಳು.  ಆಮೇಲೆ ಬಾಣಲೆಯ ಕಡೆ ತಿರುಗಿದಳು.

"ಇದು ಯಾವ ಎಣ್ಣೆ?"

"ಇವತ್ತಿನ ಮದುವೇದು... ಮೂಲೇಲಿ ಚಿಪ್ಸ್ ಅಂಗಡೀದು ಒಂದು ಕ್ಯಾನ್ ಉಳಿದಿತ್ತಲ್ಲ, ಅದನ್ನೂ ಸುರಿದೆ."

"ಅಯ್ಯೋ ರಾಮ! ಎರಡೂ ಬೆರೆಸಿದ್ರಾ? ಇಷ್ಟೆಲ್ಲ ಆದಮೇಲೂ?"

ಬೈದಳು. ಪಾತ್ರೆ ತೊಳೆಯುತ್ತಿದ್ದ ಲಕ್ಕಪ್ಪ ತಲೆ ಬಗ್ಗಿಸಿ ನಗುವಷ್ಟು ಬೈದಳು. ಬೈಯುತ್ತಲೇ ಸೆರಗು ಸಿಕ್ಕಿಸಿ ಆ ಡ್ರಮ್ಮನ್ನು ಎತ್ತಿ ನಿಲ್ಲಿಸಿದಳು. "ಇದನ್ನ ಈಗ ಗಾಡಿಗೆ ಹಾಕೋ ಹಾಗಿಲ್ಲ, ಬಿಸಿಲುಗಾಲ ಬರ್ಲಿ. ಮಾಡಿ ಏಪ್ರಿಲ್‌ಗೆ ಎತ್ತಿಡ್ತೀನಿ."

ಏಪ್ರಿಲ್‌ಗೆ ಅಂದಳು! ಏಪ್ರಿಲ್‌ಗೆ!

ಸುಟ್ಟ ಕೈಯಲ್ಲೇ ಬರೆಯುತ್ತಿದ್ದೇನೆ. ಕ್ಯಾನ್ ಮೇಲೆ ತಿಂಗಳು ಬರೆಯಬೇಕು, ಪೆನ್ ತನ್ನಿ ಅಂತ ಶೆಡ್ಡಿನಿಂದ ಕೂಗುತ್ತಿದ್ದಾಳೆ. ಮನೆಯಲ್ಲಿ ಬರೆಯುವ ಪೆನ್ನು ಇದೊಂದೇ. ತಡಿಯೇ, ಒಂದು ಸಾಲು... ಇಲ್ಲ, ಅವಳೇ ಬಂದ